ಕೀಮೋ ಆಗಿ ಎಷ್ಟು ದಿನ ಆಯಿತು ಅಂತ ಕೇಳುವ ಖಾನಾವಳಿ

ಕಲಬುರಗಿಯ ಸೇಡಂ ರಸ್ತೆಯಿಂದ ಒಳಗೆ ಹೋದರೆ, ಬೋರ್ಡೂ ಇಲ್ಲದ ಒಂದು ಮನೆ ಖಾನಾವಳಿ ಇದೆ. ಅತ್ತೆ-ಸೊಸೆ ಇಬ್ಬರೇ ನಡೆಸುತ್ತಾರೆ. ಎರಡು ತಿಂಗಳಿಂದ ನಮ್ಮ ಅವ್ವನಿಗೆ ಡಬ್ಬಿ ಅಲ್ಲಿಂದಲೇ. ಅವ್ವನಿಗೆ ಸ್ತನ ಕ್ಯಾನ್ಸರ್, 21 ದಿನಕ್ಕೊಮ್ಮೆ ಕೀಮೋ.

ಮೊದಲು ನಾವು ತಪ್ಪು ಮಾಡಿದೆವು. ವಾಂತಿ ಬರುತ್ತದೆ ಅಂತ ಬರೀ ಗಂಜಿ, ಎಳನೀರು. ನೋಡಲು ಬಂದವರು ಹಾಲು ಬೇಡ, ಮೊಟ್ಟೆ ಬೇಡ ಅಂದರು, ಅದನ್ನೂ ಕೇಳಿದೆವು. ಎರಡು ಕೀಮೋ ಮುಗಿಯುವಷ್ಟರಲ್ಲಿ 54 ಕೆಜಿ ಇದ್ದ ಅವ್ವ 50ಕ್ಕೆ ಇಳಿದಳು. ರಕ್ತದ ಕೌಂಟ್, ಅಂದರೆ ಬಿಳಿ ರಕ್ತಕಣಗಳ ಲೆಕ್ಕ, ಏರಲಿಲ್ಲ ಅಂತ ಮೂರನೆಯದು ಒಂದು ವಾರ ಮುಂದೆ ಹೋಯಿತು. ಆಗ ಡಯಟಿಷಿಯನ್ ಮೇಡಂ ಕೂರಿಸಿಕೊಂಡು ಲೆಕ್ಕ ಹೇಳಿದರು. ಒಂದು ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್, 25ರಿಂದ 30 ಕ್ಯಾಲೊರಿ ಬೇಕು. ಗಂಜಿಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಊಟ ಸಾಲದೆ ಸೊರಗಿದವರಿಗೆ ಕೀಮೋದ ತೊಂದರೆಗಳೂ ಜಾಸ್ತಿ ಅಂತ ಹೇಳಿದರು.

ಆ ಚೀಟಿ ಹಿಡಿದುಕೊಂಡೇ ಖಾನಾವಳಿಗೆ ಹೋದೆ. ಅತ್ತೆ ಕೇಳಿದ್ದು ಒಂದೇ ಮಾತು: "ಕೀಮೋ ಆಗಿ ಎಷ್ಟ್ ದಿನ ಆತ್ರಿ?" ಈಗಲೂ ದಿನಾ ಬೆಳಿಗ್ಗೆ ಫೋನ್ ಮಾಡಿ ಅದನ್ನೇ ಕೇಳುತ್ತಾರೆ, ಅದರ ಮೇಲೆಯೇ ಅವತ್ತಿನ ಅಡುಗೆ. ಮೊದಲ ಮೂರು ದಿನ ಒಗ್ಗರಣೆ ವಾಸನೆಗೇ ಅವ್ವನಿಗೆ ಹೊಟ್ಟೆ ತೊಳಸುತ್ತದೆ, ಹಾಗಾಗಿ ತಣ್ಣಗೆ ಆರಿಸಿದ ಜೋಳದ ನುಚ್ಚು, ಮಜ್ಜಿಗೆ, ಅದೂ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನುವ ಹಾಗೆ ಸಣ್ಣ ಸಣ್ಣ ಡಬ್ಬಿಗಳಲ್ಲಿ. ಆಮೇಲೆ ತುಪ್ಪ ಹಾಕಿದ ಗಟ್ಟಿ ತೊಗರಿ ಬ್ಯಾಳಿ, ಬೇಯಿಸಿದ ಮೊಟ್ಟೆ, ಹಾಲಲ್ಲಿ ನೆನೆಸಿದ ರೊಟ್ಟಿ. 50 ಗ್ರಾಂ ಒಣ ಬ್ಯಾಳಿಯಲ್ಲಿ ಸುಮಾರು 11 ಗ್ರಾಂ ಪ್ರೋಟೀನ್, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಸ್ಟೀಲ್ ಚಮಚ ಬಾಯಿಗಿಟ್ಟರೆ ಕಬ್ಬಿಣ ನೆಕ್ಕಿದ ಹಾಗೆ ಅನಿಸುತ್ತದೆ ಅಂದಿದ್ದಳು ಅವ್ವ. ಮರುದಿನ ಡಬ್ಬಿಯ ಜೊತೆ ಮರದ ಚಮಚ ಬಂತು. ಇಷ್ಟು ಯಾರು ಯೋಚಿಸುತ್ತಾರೆ, ಹೇಳಿ.

ಒಂದು ಸಲ ಎಡವಟ್ಟಾಯಿತು. ಒಂಬತ್ತನೇ ದಿನ, ಬಾಯಿ ತುಂಬ ಹುಣ್ಣು, ಡಬ್ಬಿಯಲ್ಲಿ ಪುಂಡಿ ಪಲ್ಯ. ಒಂದೇ ತುತ್ತಿಗೆ ಅವ್ವ ಅತ್ತುಬಿಟ್ಟಳು. ಹೇಳಿದ ಮೇಲೆ ಆ ದಿನಗಳಲ್ಲಿ ಹುಳಿ, ಖಾರ ಮತ್ತೆ ಬಂದಿಲ್ಲ. ಕೌಂಟ್ ಕಡಿಮೆ ಇರುವ ವಾರ ಸೋಂಕಿನ ಭಯಕ್ಕೆ ಹಸಿ ಉಳ್ಳಾಗಡ್ಡಿ, ಹಸಿ ತರಕಾರಿಯನ್ನೂ ಇಡುವುದಿಲ್ಲ.

ತೂಕ ಇಳಿದರೆ ಮಾತ್ರ ಚಿಂತೆ ಅಂತ ತಿಳಿಯಬೇಡಿ. ಪಕ್ಕದ ಬೆಡ್ಡಿನ ಅಕ್ಕ ಕೀಮೋ ನಡೆಯುವಾಗಲೇ ದಪ್ಪ ಆಗಿದ್ದರು, ಮನೆಯವರಿಗೆಲ್ಲ ಖುಷಿ. ಆದರೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಸ್ತನ ಕ್ಯಾನ್ಸರ್ ಕೀಮೋದಲ್ಲಿ ಸ್ಟಿರಾಯ್ಡ್‌ನಿಂದ, ಓಡಾಟ ಕಡಿಮೆಯಾಗಿ ತೂಕ ಏರುವುದು ಮಾಮೂಲಿ, ಒಳಗೆ ಸ್ನಾಯು ಮಾತ್ರ ಕರಗುತ್ತಿರಬಹುದು ಅಂತ ಮೇಡಂ ಹೇಳಿದರು. ಆ ಅಕ್ಕನಿಗೂ ಈಗ ಈ ಖಾನಾವಳಿಯಿಂದಲೇ ಊಟ. ತುಪ್ಪ ಕಡಿಮೆ, ಬ್ಯಾಳಿ ಮಾತ್ರ ಅಷ್ಟೇ ಗಟ್ಟಿ.

ದಿನಕ್ಕೆ 150 ರೂಪಾಯಿ. ಭಾನುವಾರ ರಜೆ, ಅದೊಂದೇ ಕಷ್ಟ. ಅವ್ವ ಈಗ 51.5 ಕೆಜಿ, ಐದನೇ ಕೀಮೋ ಹೇಳಿದ ದಿನಕ್ಕೇ ಆಯಿತು. ಡಬ್ಬಿ ಬೇಕಾದವರು ಹಿಂದಿನ ರಾತ್ರಿ ಎಂಟರೊಳಗೆ ಹೇಳಿ, ಡಯಟಿಷಿಯನ್ ಚೀಟಿ ಇದ್ದರೆ ಜೊತೆಗೆ ಒಯ್ಯಿರಿ. ಅವರು ಅದನ್ನು ಅಡುಗೆಮನೆ ಗೋಡೆಗೆ ಅಂಟಿಸಿಕೊಳ್ಳುತ್ತಾರೆ.