405 ನ್ಯಾನೊಮೀಟರ್ ಕ್ಯೂರಿಂಗ್ ಬಾಕ್ಸ್: ಅಯಾನೋಜೆಲ್ ಮಾಡೋರು ತಗೋಬಹುದಾ?

ತಗೋಬಹುದು ರೀ, ಐದಕ್ಕೆ ನಾಲ್ಕು ಸ್ಟಾರ್. 3ಡಿ ಪ್ರಿಂಟ್ ಮಾಡೋರು ರೆಸಿನ್ ಗಟ್ಟಿ ಮಾಡಾಕ ಇಟ್ಕೊಳ್ಳೋ ಎಲ್‌ಇಡಿ ಬಾಕ್ಸ್ ಇದು, ದಾವಣಗೆರೆನಾಗ ನಮ್ಮ ಲ್ಯಾಬಿಗೆ ಅಯಾನೋಜೆಲ್, ಅಂದ್ರೆ ಅಯಾನಿಕ್ ಲಿಕ್ವಿಡ್ (ದ್ರವರೂಪದ ಉಪ್ಪು) ತುಂಬಿದ, ಅಯಾನು ಹರಿಯೋ ಜೆಲ್ ಸಲುವಾಗಿ ತರಿಸಿದ್ವಿ. ಮೊದ್ಲು ಓವನ್‌ನಾಗ ಬಿಸಿ ಮಾಡಿ ಸೆಟ್ ಮಾಡ್ತಿದ್ವಿ, ಗಂಟೆಗಟ್ಟಲೆ ಕಾಯಬೇಕು, ಮಧ್ಯದಾಗ ಕರೆಂಟ್ ಹೋದ್ರೆ ಹಾಲ್ಬಾಯಿ ಥರ ಅಲ್ಲಾಡೋದು. ಈಗ ನಿಮಿಷದ ಲೆಕ್ಕದಾಗ ಮುಗೀತೈತಿ, ಟೈಮರ್ ಕರೆಕ್ಟ್ ಐತಿ.

ಮಾರೋರು "ಯಾವ ಯುವಿ ಇನಿಶಿಯೇಟರ್ ಆದ್ರೂ ನಡೀತದೆ" ಅಂತಾರೆ, ನಂಬಬೇಡ್ರಿ. ಇನಿಶಿಯೇಟರ್ ಅಂದ್ರೆ ಬೆಳಕು ಬಿದ್ದಾಗ ಜೆಲ್ ಕಟ್ಟೋ ರಿಯಾಕ್ಷನ್ ಶುರು ಮಾಡೋ ರಾಸಾಯನಿಕ. ಇರ್ಗಾಕ್ಯೂರ್ 2959 ಅನ್ನೋ ಇನಿಶಿಯೇಟರ್ ಈ 405 ನ್ಯಾನೊಮೀಟರಿನ ಬೆಳಕನ್ನ ಹೀರ್ಕೊಳ್ಳೋದೇ ಇಲ್ಲ ಅನ್ನಬಹುದು, 365ರಾಗೂ ಅಷ್ಟಕ್ಕಷ್ಟೆ. ಅದರ ಬದ್ಲು ಟಿಪಿಒ ಇಲ್ಲಾ ಎಲ್‌ಎಪಿ ಅನ್ನೋ ಇನಿಶಿಯೇಟರ್ ಹಾಕ್ರಿ, ಎಲ್‌ಎಪಿ ನೀರಲ್ಲಿ ಕರಗೋದ್ರಿಂದ ಹೈಡ್ರೋಜೆಲ್‌ಗೂ (ನೀರಿನ ಜೆಲ್) ಆಗ್ತೈತಿ.

ಇನ್ನೊಂದು, ಗಟ್ಟಿ ಬೇಕು ಅಂತ ಕ್ರಾಸ್‌ಲಿಂಕರ್ (ಪಾಲಿಮರ್ ಎಳೆಗಳನ್ನ ಒಂದಕ್ಕೊಂದು ಬೆಸೆಯೋ ರಾಸಾಯನಿಕ) ಸುರಿದು ಜಾಸ್ತಿ ಹೊತ್ತು ಬೆಳಕಿಗೆ ಇಡಬೇಡ್ರಿ. ಪಾಲಿಮರ್ ಬಲೆ ಬಿಗಿಯಾದಷ್ಟೂ ಅಯಾನು ಓಡಾಡಾಕ ಜಾಗ ಕಮ್ಮಿ, ಕಂಡಕ್ಟಿವಿಟಿ ಬೀಳ್ತೈತಿ, ಜೆಲ್ ಪೆಡಸಾಗಿ ಸೀಳತೈತಿ. ಇದಕ್ಕೆ ನಂಗೆ ಭಾಳ ಇಷ್ಟ ಆದ ದಾರಿ 2022ರ ನೇಚರ್ ಮೆಟೀರಿಯಲ್ಸ್ ಅನ್ನೋ ವಿಜ್ಞಾನ ಪತ್ರಿಕೆನಾಗ ಬಂದಿದ್ದು. ಅಯಾನಿಕ್ ಲಿಕ್ವಿಡ್‌ನಾಗೇ ಅಕ್ರಿಲಮೈಡ್, ಅಕ್ರಿಲಿಕ್ ಆ್ಯಸಿಡ್ ಎರಡನ್ನೂ ಕೂಡಿಸಿ ಬೆಳಕು ಬಿಡ್ತಾರೆ, ಅಕ್ರಿಲಮೈಡ್ ಜಾಸ್ತಿ ಇರೋ ಭಾಗ ಆ ದ್ರವದಾಗ ಕರಗದೆ ಗಟ್ಟಿ ಗಂಟಾಗಿ ಭಾರ ಹೊರತೈತಿ, ಇನ್ನೊಂದು ಭಾಗ ದ್ರವ ಹಿಡ್ಕೊಂಡು ಮೆತ್ತಗಿದ್ದು ಅಯಾನಿಗೆ ದಾರಿ ಬಿಡತೈತಿ. ಯಂಗ್ಸ್ ಮಾಡ್ಯುಲಸ್ (ಎಳೆದ್ರೆ ಎಷ್ಟು ಬಿಗಿಯಾಗಿ ತಡೀತೈತಿ ಅನ್ನೋ ಅಳತೆ) 46.5 ಮೆಗಾಪ್ಯಾಸ್ಕಲ್‌ಗೆ ಹೋಗಿತ್ತು, ಆದ್ರೂ ಎಳೆದ್ರೆ ಸುಮಾರು 600% ಹಿಗ್ಗುತ್ತಿತ್ತು! ಅಯಾನಿಕ್ ಲಿಕ್ವಿಡ್ ಆವಿ ಆಗಲ್ಲ ನೋಡ್ರಿ, ನಮ್ಮೂರ ಏಪ್ರಿಲ್ ಬಿಸಿಲಿಗೆ ನೀರಿನ ಜೆಲ್ ಒಣಗಿ ಮುದುಡಿದಂಗೆ ಇದು ಮುದುಡಲ್ಲ.

ಒಂದು ಸ್ಟಾರ್ ಕಟ್ ಮಾಡಿದ್ದು ಎಲ್‌ಇಡಿ ಬರೀ ಪಕ್ಕದ ಕಂಬದಾಗ ಇರೋದಕ್ಕೆ. ನಿಂತ ಪ್ರಿಂಟಿಗೆ ಸರಿ, ಚಪ್ಪಟೆ ಅಚ್ಚಿಗೆ ಬೆಳಕು ಓರೆಯಾಗಿ ಬೀಳ್ತೈತಿ, ಅಂಚು ಗಟ್ಟಿ, ನಡು ಸಡಿಲ. ನಾವು ಅಚ್ಚನ್ನ ಗಾಜಿನ ಸ್ಟ್ಯಾಂಡ್ ಮೇಲೆ ಎತ್ತರಿಸಿ ಕೆಳಗೆ ಕನ್ನಡಿ ಇಟ್ಟು, ಅರ್ಧಕ್ಕೆ ತಿರುವಿ ಹಾಕ್ತೀವಿ, ಒಂದು ಮಿಲಿಮೀಟರ್ ದಪ್ಪದ ಶೀಟ್ ಚೆನ್ನಾಗಿ ಬರತೈತಿ. ಮೇಲೆ ಇನ್ನೊಂದು ಗಾಜು ಮುಚ್ಚಲೇಬೇಕು, ಇಲ್ಲಾಂದ್ರೆ ಗಾಳಿಯ ಆಕ್ಸಿಜನ್ ರಿಯಾಕ್ಷನ್ ತಡೆದು ಮೇಲ್ಪದರ ಅಂಟಂಟಾಗೇ ಉಳೀತೈತಿ.

ಶಿವಗಂಗೋತ್ರಿಲಿ (ದಾವಣಗೆರೆ ವಿಶ್ವವಿದ್ಯಾಲಯದ ಕ್ಯಾಂಪಸ್) ಪ್ರಾಜೆಕ್ಟ್ ಮಾಡೋ ಹುಡುಗ್ರೇ, ಅಕ್ರಿಲಮೈಡ್ ಪುಡಿ ನರಕ್ಕೆ ವಿಷ, ನೈಟ್ರೈಲ್ ಗ್ಲೌಸ್ ಇಲ್ದೆ ಡಬ್ಬಿ ಮುಟ್ಟಬೇಡ್ರಿ, ಬಾಕ್ಸಿನ ಕಿತ್ತಳೆ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಬೇಡ್ರಿ.