ದಿನಕ್ಕೆ 30 ನಿಮಿಷ: ಫೋನಿನ ಸಮಯ ಮಿತಿಯನ್ನು ಹತ್ತು ವಾರ ಬಳಸಿ ನೋಡಿದ ಮೇಲೆ

ಸಾಮಾಜಿಕ ಜಾಲತಾಣಗಳ ಬಳಕೆಗೆ ದಿನಕ್ಕಿಷ್ಟೇ ಎಂದು ಕಡಿವಾಣ ಹಾಕಿಕೊಳ್ಳುವ ಸೌಲಭ್ಯ 2018ರಿಂದೀಚೆಗೆ ಬಹುತೇಕ ಎಲ್ಲ ಸ್ಮಾರ್ಟ್‌ಫೋನುಗಳಲ್ಲಿಯೂ ಬಂದಿದೆ. ಬೇರೆ ಆ್ಯಪ್ ಹಾಕಿಕೊಳ್ಳಬೇಕಾಗಿಲ್ಲ, ಸೆಟ್ಟಿಂಗ್ಸ್‌ನಲ್ಲಿಯೇ ಸಿಗುತ್ತದೆ. ನನಗೀಗ 24 ವರ್ಷ. ರಾತ್ರಿ ನಿದ್ದೆ ಹತ್ತದೆ, ಹಗಲು ಯಾವ ಕೆಲಸದಲ್ಲೂ ಮನಸ್ಸು ನಿಲ್ಲದೆ, ಓರಗೆಯವರೆಲ್ಲ ಮುಂದೆ ಹೋಗಿ ನಾನೊಬ್ಬಳೇ ಹಿಂದೆ ಉಳಿದೆನೆಂಬ ಕೊರಗು ತಿಂಗಳುಗಟ್ಟಲೆ ಬಿಡದೆ ಕಾಡಿದಾಗ, ಈ ಸೌಲಭ್ಯವನ್ನು ಹತ್ತು ವಾರಗಳ ಕಾಲ ಬಿಡದೆ ಬಳಸಬೇಕೆಂದು ನಿಶ್ಚಯಿಸಿದೆ. ಅದು ಎಲ್ಲಿ ಕೆಲಸಕ್ಕೆ ಬಂತು, ಎಲ್ಲಿ ಬರಲಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇನೆ.

30 ನಿಮಿಷವೆಂಬ ಲೆಕ್ಕ ನನ್ನದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 143 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್ ತಲಾ 10 ನಿಮಿಷದಂತೆ ದಿನಕ್ಕೆ ಒಟ್ಟು 30 ನಿಮಿಷ ಮಾತ್ರ ನೋಡಲು ಹೇಳಿ, ಮೂರು ವಾರಗಳ ನಂತರ ಅವರಲ್ಲಿ ಒಂಟಿತನವೂ ಖಿನ್ನತೆಯ ಲಕ್ಷಣಗಳೂ ಕಡಿಮೆಯಾಗಿದ್ದನ್ನು 2018ರಲ್ಲಿ ಪ್ರಕಟಿಸಿದರು. ಅದೇ ಅಧ್ಯಯನದ ಇನ್ನೊಂದು ಸಂಗತಿ ನನ್ನ ಗಮನ ಸೆಳೆಯಿತು. ಯಾವ ಮಿತಿಯೂ ಇಲ್ಲದೆ ಎಂದಿನಂತೆ ಬಳಸುತ್ತಿದ್ದ ಗುಂಪಿನಲ್ಲಿಯೂ ಆತಂಕ ಒಂದಿಷ್ಟು ಇಳಿದಿತ್ತು. ತಾವು ಎಷ್ಟು ಹೊತ್ತು ನೋಡುತ್ತೇವೆಂದು ಅವರೂ ಗಮನಿಸಿಕೊಳ್ಳುತ್ತಿದ್ದುದೇ ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಊಹಿಸಿದ್ದರು.

ಆ ಊಹೆಯಲ್ಲಿ ಹುರುಳಿದೆ ಎಂದು ನನಗೆ ಮೊದಲ ವಾರವೇ ಅನ್ನಿಸಿತು. ಮಿತಿ ಹಾಕುವ ಮೊದಲು ಏಳು ದಿನ ಸುಮ್ಮನೆ ಲೆಕ್ಕ ಮಾತ್ರ ನೋಡಿದೆ. ದಿನಕ್ಕೆ ಸರಾಸರಿ 4 ಗಂಟೆ 20 ನಿಮಿಷ. ಈ ಸಂಖ್ಯೆಗಿಂತ ಅದರ ಕೆಳಗಿದ್ದ ನಕ್ಷೆ ನನ್ನನ್ನು ಹೆಚ್ಚು ಕಲಕಿತು. ಹಗಲಿನ ಕಂಬಗಳೆಲ್ಲ ಗಿಡ್ಡವಾಗಿದ್ದು, ರಾತ್ರಿ 11ರಿಂದ 1ರವರೆಗಿನ ಎರಡು ಕಂಬಗಳು ಮಾತ್ರ ನೆಟ್ಟಗೆ ನಿಂತಿದ್ದವು. ನಿದ್ದೆ ಬಾರದ್ದರಿಂದ ಫೋನ್ ಹಿಡಿಯುತ್ತೇನೆಂದು ಅಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ಏಳು ರಾತ್ರಿಗಳಲ್ಲಿ ಆರು ರಾತ್ರಿ ನಾನು ಫೋನ್ ಹಿಡಿದದ್ದು ದೀಪ ಆರಿಸಿದ ಮರುಕ್ಷಣವೇ, ನಿದ್ದೆ ಬರುತ್ತದೆಯೋ ಇಲ್ಲವೋ ಎಂದು ನೋಡುವುದಕ್ಕೂ ಮೊದಲು.

ಎರಡನೆಯ ವಾರ ಮಿತಿ ಹಾಕಿದೆ. ಅವಧಿ ಮುಗಿದೊಡನೆ ಆ್ಯಪ್‌ನ ಚಿಹ್ನೆ ಬೂದುಬಣ್ಣಕ್ಕೆ ತಿರುಗುತ್ತದೆ, ಒತ್ತಿದರೆ ಇಂದಿನ ಸಮಯ ಮುಗಿಯಿತೆಂಬ ಪರದೆ ಬರುತ್ತದೆ. ನನ್ನ ಫೋನಿನಲ್ಲಿ ಆ ಪರದೆಯ ಕೆಳಗೇ ಇನ್ನು 15 ನಿಮಿಷ ಕೊಡು ಎಂಬ ಬಟನ್ ಇದೆ. ಮೂರನೆಯ ದಿನಕ್ಕೆಲ್ಲ ನನ್ನ ಹೆಬ್ಬೆರಳು ಅದರ ಜಾಗವನ್ನು ರೂಢಿ ಮಾಡಿಕೊಂಡಿತು. ಪರದೆಯ ಮೇಲಿನ ಅಕ್ಷರಗಳನ್ನು ಕಣ್ಣು ಓದುವ ಮೊದಲೇ ಬೆರಳು ಒತ್ತಿ ಮುಗಿಸುತ್ತಿತ್ತು. ಬೀಗದ ಜೊತೆಗೇ ಕೀಲಿಯನ್ನೂ ನೇತುಹಾಕಿದರೆ ಅದನ್ನು ಬೀಗವೆನ್ನುವುದು ಹೇಗೆ? ಈ ಸೌಲಭ್ಯದ ದೊಡ್ಡ ದೋಷ ಇದೇ. ಆದರೆ ಪರಿಹಾರವೂ ಅದರೊಳಗೇ ಇದೆ: ಪಾಸ್‌ವರ್ಡ್ ಇಟ್ಟರೆ ಆ ಬಟನ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಪಾಸ್‌ವರ್ಡನ್ನು ನಾನು ಇಡಲಿಲ್ಲ, ಅಕ್ಕನ ಕೈಗೆ ಫೋನ್ ಕೊಟ್ಟು ಅವಳಿಂದಲೇ ಇಡಿಸಿದೆ. "ಬೇಕೆನಿಸಿದಾಗ ಕೇಳು, ಯಾಕೆ ಅಂತ ಮಾತ್ರ ಹೇಳಬೇಕು" ಎಂದಳು. ನಂತರದ ಎಂಟು ವಾರಗಳಲ್ಲಿ ಎರಡೇ ಸಲ ಕೇಳಿದೆ. ಯಾಕೆ ಬೇಕು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದಾಗ, ಬಹುಪಾಲು ಸಂದರ್ಭಗಳಲ್ಲಿ ಹೇಳುವುದಕ್ಕೆ ಕಾರಣವೇ ಇರುತ್ತಿರಲಿಲ್ಲ.

ಈ ಸೌಲಭ್ಯ ಎಲ್ಲ ನಿಮಿಷಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ ಎಂಬುದು ಅದಕ್ಕಿಂತ ಆಳದ ಕೊರತೆ. ಹಳೆಯ ಗೆಳತಿಯೊಡನೆ ಹತ್ತು ನಿಮಿಷ ಮಾತುಕತೆ ನಡೆಸಿದರೂ, ಪರಿಚಯವೇ ಇಲ್ಲದವರ ರೀಲ್ಸ್ ಮೇಲೆ ರೀಲ್ಸ್ ನೋಡಿದರೂ ಅದರ ಲೆಕ್ಕದಲ್ಲಿ ಎರಡೂ ಹತ್ತೇ ನಿಮಿಷ. ಆರನೆಯ ವಾರ ಒಂದು ಸಂಜೆ, ಜೊತೆಗೆ ಓದಿದವಳೊಬ್ಬಳು ಹೊಸ ಕೆಲಸದ ಗುರುತಿನ ಚೀಟಿಯನ್ನು ಕೊರಳಲ್ಲಿ ತೂಗುಬಿಟ್ಟುಕೊಂಡು ನಗುತ್ತಿದ್ದ ಚಿತ್ರ ನೋಡಿದೆ. ನೋಡಿದ್ದು ಅರ್ಧ ನಿಮಿಷವೂ ಇರಲಾರದು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ, ನಿಜಕ್ಕೂ ಸಂತೋಷವೇ ಆಯಿತು. ಆದರೂ ಆ ಸಂಜೆಯೆಲ್ಲ ಅರ್ಧಕ್ಕೆ ನಿಂತ ನನ್ನ ಅರ್ಜಿಗಳನ್ನು ತೆರೆಯುವುದು, ಮುಚ್ಚುವುದು, ಇಷ್ಟರಲ್ಲೇ ಕಳೆಯಿತು. ಆ ದಿನ ನನ್ನ ಲೆಕ್ಕದಲ್ಲಿ ಇನ್ನೂ 19 ನಿಮಿಷ ಉಳಿದಿತ್ತು.

ಈ ಅನುಭವ ನನ್ನೊಬ್ಬಳದೇ ಅಲ್ಲ. 2004ರಲ್ಲಿ ಆರಂಭವಾದ ಫೇಸ್‌ಬುಕ್ ಅಮೆರಿಕದ ಕಾಲೇಜುಗಳಿಗೆ ಒಂದಾದ ಮೇಲೊಂದರಂತೆ ಕಾಲಿಟ್ಟದ್ದನ್ನು ಆಧಾರವಾಗಿಟ್ಟುಕೊಂಡು, ಅದು ಬಂದ ಕಾಲೇಜುಗಳನ್ನೂ ಇನ್ನೂ ಬಾರದ ಕಾಲೇಜುಗಳನ್ನೂ ಹೋಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕೆಟ್ಟಿತೆಂದೂ, ಇತರರೊಡನೆ ತಮ್ಮನ್ನು ಹೋಲಿಸಿಕೊಂಡು ಕುಗ್ಗುವುದೇ ಅದಕ್ಕೆ ಕಾರಣವಿರಬಹುದೆಂದೂ ಹೇಳಿದೆ. ಇನ್ನೊಂದೆಡೆ, ಹದಿಹರೆಯದವರ ಬಗ್ಗೆ 2019ರಲ್ಲಿ ಬಂದ ದೊಡ್ಡ ವಿಶ್ಲೇಷಣೆಯೊಂದು, ಅವರ ನೆಮ್ಮದಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಡಿಜಿಟಲ್ ಸಾಧನಗಳ ಬಳಕೆಯ ಪಾಲು ಹೆಚ್ಚೆಂದರೆ ಶೇ. 0.4 ಎಂದು ತೋರಿಸಿತು. ಮೊದಲಿಗೆ ಇವೆರಡೂ ಒಂದಕ್ಕೊಂದು ವಿರುದ್ಧವೆನಿಸಿದ್ದವು. ಈಗ ಹಾಗೆ ತೋರುವುದಿಲ್ಲ. ಎಷ್ಟು ಹೊತ್ತು ಎಂಬ ಪ್ರಶ್ನೆ ಬೇರೆ, ಆ ಹೊತ್ತಿನಲ್ಲಿ ಏನು ನೋಡಿದೆವು, ಯಾವ ಮನಃಸ್ಥಿತಿಯಲ್ಲಿ ನೋಡಿದೆವು ಎಂಬ ಪ್ರಶ್ನೆ ಬೇರೆ. ಹೋಲಿಕೆಯ ಕೊರಗಿಗೆ ನನಗೆ ನೆರವಾದದ್ದು ಸಮಯ ಮಿತಿಯಲ್ಲ, ಕೆಲವು ಖಾತೆಗಳನ್ನು ಮ್ಯೂಟ್ ಮಾಡಿದ್ದು ಮತ್ತು ಲೈಕ್‌ಗಳ ಸಂಖ್ಯೆ ಕಾಣದಂತೆ ಮರೆಮಾಡಿದ್ದು.

ನಿದ್ದೆಯ ವಿಷಯದಲ್ಲಿ ಮಾತ್ರ ಈ ಸೌಲಭ್ಯವನ್ನು ಮನಸಾರೆ ಮೆಚ್ಚುತ್ತೇನೆ. ದಿನದ ಮಿತಿಯ ಜೊತೆಗೆ, ರಾತ್ರಿ ಇಂತಿಷ್ಟು ಗಂಟೆಯಿಂದ ಬೆಳಗಿನವರೆಗೆ ಆ್ಯಪ್‌ಗಳು ತೆರೆಯದಂತೆ ಮಾಡುವ ವ್ಯವಸ್ಥೆಯೂ ಇದರಲ್ಲಿದೆ. ನಾನು 10 ಗಂಟೆಗೆ ಇಟ್ಟೆ. ನಾಲ್ಕನೆಯ ವಾರದ ಹೊತ್ತಿಗೆ 11ಕ್ಕೆಲ್ಲ ನಿದ್ದೆ ಹತ್ತತೊಡಗಿತು, ಬೆಳಿಗ್ಗೆ ಏಳುವಾಗ ತಲೆ ಭಾರ ಕಡಿಮೆಯಾಯಿತು, ಸಣ್ಣಪುಟ್ಟ ಮಾತಿಗೆ ಅಳು ಬರುವುದು ನಿಂತಿತು. ದಿನದ ಮಿತಿಯನ್ನು ಬಿಟ್ಟು ಇದೊಂದನ್ನೇ ಇಟ್ಟುಕೊಂಡಿದ್ದರೂ ಬಹುಶಃ ಇಷ್ಟೇ ಲಾಭವಾಗುತ್ತಿತ್ತು.

ಬ್ರೌಸರ್‌ನಲ್ಲಿ ಅದೇ ತಾಣ ತೆರೆದರೆ ನನ್ನ ಫೋನಿನಲ್ಲಿ ಮಿತಿ ಅನ್ವಯಿಸಲಿಲ್ಲ, ಅದನ್ನು ಪ್ರತ್ಯೇಕವಾಗಿ ಸೇರಿಸಬೇಕಾಯಿತು. ಅದು ಸಣ್ಣ ತೊಂದರೆ. ಗಂಭೀರವಾದದ್ದು ಇನ್ನೊಂದಿದೆ. ಏಳನೆಯ ವಾರ, ಬಹಳ ದಿನಗಳಿಂದ ಮನಸ್ಸು ಕುಗ್ಗಿ ಕೂತಿದ್ದ ಗೆಳತಿಯೊಬ್ಬಳು ರಾತ್ರಿ 11ಕ್ಕೆ ಆ್ಯಪ್‌ನಲ್ಲಿಯೇ "ಎದ್ದಿದ್ದೀಯಾ?" ಎಂದು ಕೇಳಿದ್ದಳು. ನಾನು ನೋಡಿದ್ದು ಬೆಳಿಗ್ಗೆ. ಅವಳಿಗೆ ಏನೂ ಆಗಿರಲಿಲ್ಲ, ಆದರೆ ಉತ್ತರ ಬರೆಯುವಾಗ ನನ್ನ ಕೈ ನಡುಗುತ್ತಿತ್ತು. ಅಂದೇ ಅವಳಿಗೆ ವಿಷಯ ತಿಳಿಸಿ, ರಾತ್ರಿ ಎಷ್ಟು ಹೊತ್ತಾದರೂ ನೇರವಾಗಿ ಕರೆ ಮಾಡಬೇಕೆಂದು ಹೇಳಿದೆ, ವೈದ್ಯರನ್ನು ಕಾಣಲು ಜೊತೆಗೂ ಹೋದೆ. ಈ ಮಿತಿಯನ್ನು ಹಾಕಿಕೊಳ್ಳುವವರು, ರಾತ್ರಿ ತಮ್ಮನ್ನು ನೆನೆಯುವವರು ಯಾರ‍್ಯಾರೆಂದು ಮೊದಲೇ ಯೋಚಿಸಿ ಅವರಿಗೆ ತಿಳಿಸಿಬಿಡಬೇಕು.

ಹತ್ತು ವಾರಗಳ ನಂತರ ದಿನದ ಮಿತಿಯನ್ನು 30ರಿಂದ 45 ನಿಮಿಷಕ್ಕೆ ಏರಿಸಿಕೊಂಡಿದ್ದೇನೆ. ರಾತ್ರಿ 10ರ ಬೀಗ ಹಾಗೆಯೇ ಇದೆ, ಪಾಸ್‌ವರ್ಡ್ ಈಗಲೂ ಅಕ್ಕನ ಬಳಿಯೇ ಇದೆ.