ಹಸಿರು ಬಂದ ಮಾತ್ರಕ್ಕೆ ನಂಬಬೇಡಿ: ಆರ್‌ಟಿಕೆಲಿಬ್ ಜೊತೆ ನಾಲ್ಕು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಇದು ಇನ್‌ಸ್ಟಾಲ್ ಮಾಡಿದ ಸಂಜೆಯೇ ಬರೆದ ವಿಮರ್ಶೆ ಅಲ್ಲ. 2021ರ ಕೊನೆಯಿಂದ ವಾರಕ್ಕೆ ಎರಡು ದಿನವಾದರೂ ಈ ಸಾಫ್ಟ್‌ವೇರ್ ತೆರೆದು ಕೂತಿದ್ದೇನೆ. ಸಾಗರ, ಹೊಸನಗರದ ಕಡೆ ಅಡಿಕೆ ತೋಟಗಳ ಅಳತೆ ನನ್ನ ಕೆಲಸ. ತೋಟದ ವಿಸ್ತೀರ್ಣ, ಪೈಪ್‌ಲೈನ್ ಹಾಕಲು ಏರುತಗ್ಗಿನ ನಕ್ಷೆ, ಕೆರೆಯಲ್ಲಿ ಹೂಳು ತೆಗೆಯುವ ಮೊದಲಿನ ಮತ್ತು ಆಮೇಲಿನ ಲೆಕ್ಕ, ಇಂಥವು. ಸರ್ಕಾರಿ ಪೋಡಿಗೆ, ಕೋರ್ಟ್ ವ್ಯಾಜ್ಯದ ಅಳತೆಗೆ ಇದನ್ನು ಬಳಸಿಲ್ಲ, ಅದರ ದಾರಿ ಬೇರೆ. 5ಕ್ಕೆ 4 ಕೊಡುತ್ತೇನೆ. ಕಳೆದುಕೊಂಡ ಆ ಒಂದರ ಕಥೆಯೇ ಉದ್ದ, ಅದರಲ್ಲಿ ಅರ್ಧ ತಪ್ಪು ನನ್ನದೇ.

ಆರ್‌ಟಿಕೆಲಿಬ್ ಅಂದರೆ ಉಪಗ್ರಹ ರಿಸೀವರ್ ಬರೆದಿಟ್ಟ ಕಚ್ಚಾ ಡೇಟಾ ತೆಗೆದುಕೊಂಡು ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ಹೇಳುವ ಸಾಫ್ಟ್‌ವೇರ್. ಟೋಕಿಯೊದ ಸಾಗರ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ತೊಮೊಜಿ ತಕಾಸು 2006ರಿಂದ ಬರೆದು ಬೆಳೆಸಿದ್ದು. ದುಡ್ಡು ಕೊಡಬೇಕಿಲ್ಲ, ಡಾಂಗಲ್ ಬೇಕಿಲ್ಲ, ಸೋರ್ಸ್ ಕೋಡ್ ಪೂರ್ತಿ ತೆರೆದಿದೆ. ನಾನು ಬಳಸುವುದು ಅದರ ಕವಲು ‘ಡೆಮೊ5’. ಕಡಿಮೆ ಬೆಲೆಯ ರಿಸೀವರ್‌ಗಳಿಗೆ ಅಂತಲೇ ತಿದ್ದಿದ್ದು. ಮೂಲದ್ದನ್ನೂ ಓಡಿಸಿ ನೋಡಿದ್ದೇನೆ, ನನ್ನ ಬೋರ್ಡಿಗೆ ಡೆಮೊ5 ವಾಸಿ. ಬೋರ್ಡು ಯು-ಬ್ಲಾಕ್ಸ್ ಎಫ್9ಪಿ, ಎರಡು ಸೆಟ್. ಒಂದು ಅಂಗಳದಲ್ಲಿ ಅಲುಗಾಡದೆ ನಿಲ್ಲುವ ಬೇಸ್, ಇನ್ನೊಂದು ಕಂಬದ ತುದಿಯಲ್ಲಿ ನನ್ನ ಜೊತೆ ತಿರುಗುವ ರೋವರ್. ರೋವರ್ ಎಲ್ಲಿದೆ ಅಂತ ಲೆಕ್ಕ ಹಾಕುವುದು ಬೇಸ್‌ನ ಡೇಟಾಕ್ಕೆ ಹೋಲಿಸಿ. ಆಂಟೆನಾ, ಕಂಬ, ಬ್ಯಾಟರಿ ಎಲ್ಲ ಸೇರಿ ಒಂದು ಲಕ್ಷದೊಳಗೆ ಮುಗಿಯಿತು.

ಫೋನಿನ ಜಿಪಿಎಸ್ ಸಾಕಲ್ವಾ ಅಂತ ಕೇಳುವವರು ಈಗಲೂ ಇದ್ದಾರೆ. ಗುಂಟೆ ಅಂದರೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. 50 ಮೀಟರ್ ಉದ್ದದ ಬೇಲಿ 2 ಮೀಟರ್ ಆಚೆ ಸರಿದರೆ ಹತ್ತಿರ ಹತ್ತಿರ ಒಂದು ಗುಂಟೆ ಹೋಯಿತು. ಫೋನು ಬಯಲಲ್ಲೇ 3–5 ಮೀಟರ್ ತಪ್ಪುವುದು ಮಾಮೂಲು, ತೋಟದೊಳಗೆ ಹತ್ತೂ ಆಗಬಹುದು. ಒಂಬತ್ತಡಿ ಅಂತರದಲ್ಲಿ ಅಡಿಕೆ ನೆಡುವ ಊರಲ್ಲಿ ಹತ್ತು ಮೀಟರ್ ಅಂದರೆ ಮೂರು ಸಾಲು ದಾಟಿದ ಹಾಗೆ.

ಈ ಸಾಫ್ಟ್‌ವೇರ್ ಸಂಕೇತವನ್ನು ಹೊತ್ತು ತರುವ ರೇಡಿಯೊ ಅಲೆಯನ್ನೇ ಅಳೆಯುತ್ತದೆ. ಜಿಪಿಎಸ್‌ನ ಎಲ್1 ಅಲೆಯ ಉದ್ದ 19 ಸೆಂ.ಮೀ., ಎಲ್2 ಸುಮಾರು 24. ಒಂದು ಅಲೆಯೊಳಗೆ ನಾವು ಎಲ್ಲಿದ್ದೇವೆ ಅನ್ನುವುದು ರಿಸೀವರ್‌ಗೆ ಮಿಲಿಮೀಟರ್ ಮಟ್ಟದಲ್ಲಿ ಗೊತ್ತಾಗುತ್ತದೆ. ಉಪಗ್ರಹದಿಂದ ಇಲ್ಲಿಯವರೆಗೆ ಇಂಥ ಅಲೆ ಒಟ್ಟು ಎಷ್ಟು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಎಲ್ಲ ಪಂಚಾಯ್ತಿಕೆ ಆ ಪೂರ್ಣ ಸಂಖ್ಯೆ ಹುಡುಕುವುದರಲ್ಲೇ ಇದೆ. ಸಿಕ್ಕಿತು ಅಂತ ಸಾಫ್ಟ್‌ವೇರ್‌ಗೆ ಅನ್ನಿಸಿದರೆ ‘ಫಿಕ್ಸ್’, ನಕ್ಷೆಯಲ್ಲಿ ಹಸಿರು ಚುಕ್ಕಿ. ಇನ್ನೂ ದಶಮಾಂಶದಲ್ಲೇ ಒದ್ದಾಡುತ್ತಿದ್ದರೆ ‘ಫ್ಲೋಟ್’, ಹಳದಿ. ‘ಅನ್ನಿಸಿದರೆ’ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಸ್ಥಳದಲ್ಲೇ ಉತ್ತರ ಬೇಕು ಅಂದರೆ ಬೇಸ್‌ನ ಡೇಟಾ ಆಗಿಂದಾಗಲೇ ರೋವರ್‌ಗೆ ತಲುಪಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆ ಇದಕ್ಕೆಂದೇ ದೇಶದ ತುಂಬ ಕಾಯಂ ಬೇಸ್‌ಗಳ ಕಾರ್ಸ್ ಜಾಲ ಕಟ್ಟಿದೆ, ಕರ್ನಾಟಕದಲ್ಲೂ ಇದೆ. ಒಳ್ಳೆಯ ಕೆಲಸ. ಆದರೆ ಅದು ನಡೆಯುವುದು ಮೊಬೈಲ್ ಡೇಟಾ ಮೇಲೆ, ನಾನು ಹೋಗುವ ತೋಟಗಳೋ ಗುಡ್ಡದ ಸಂದಿಯಲ್ಲಿ. ಹಿನ್ನೀರಿನ ಆಚೆ ಹೋದರೆ ಒಂದು ಕಡ್ಡಿ ಸಿಗ್ನಲ್‌ಗೆ ಏರು ಹತ್ತಬೇಕು. ಹಾಗಾಗಿ ಬೇಸ್, ರೋವರ್ ಎರಡರ ಡೇಟಾವನ್ನೂ ಮೆಮೊರಿ ಕಾರ್ಡಿಗೆ ಬರೆಸಿಕೊಂಡು ಮನೆಗೆ ಬಂದು ರಾತ್ರಿ ಊಟ ಆದಮೇಲೆ ಲೆಕ್ಕಕ್ಕೆ ಕೂರುತ್ತೇನೆ. ಇದು ತೋಟದವರಿಗೆ ಹಿಡಿಸುವುದಿಲ್ಲ. “ಎಂಥ ಮಾರಾಯ್ರೆ, ಅಷ್ಟೊತ್ತು ಕೋಲು ಹಿಡ್ಕೊಂಡು ತಿರುಗಿದ್ರಿ, ಎಷ್ಟು ಗುಂಟೆ ಅಂತ ಈಗ್ಲೇ ಹೇಳೋಕೆ ಆಗೋದಿಲ್ವಾ?” ಅಂತ ಎಲೆ ಅಡಿಕೆ ತಟ್ಟೆ ಮುಂದಿಡುತ್ತಾ ಕೇಳುತ್ತಾರೆ. ಇಲ್ಲ, ನಾಳೆ ಹೇಳ್ತೀನಿ ಅನ್ನುವುದು ನನಗೀಗ ರೂಢಿ.

ನಾಳೆ ಹೇಳುವುದರಲ್ಲಿ ದೊಡ್ಡ ಲಾಭ ಇದೆ. ಇಡೀ ದಿನದ ಡೇಟಾ ಕೈಯಲ್ಲಿರುವಾಗ ಅದನ್ನು ಬೆಳಗ್ಗೆಯಿಂದ ಸಂಜೆಗೂ ಓಡಿಸಬಹುದು, ಸಂಜೆಯಿಂದ ಬೆಳಗ್ಗೆಗೂ ಓಡಿಸಬಹುದು. ಸ್ಥಳದಲ್ಲೇ ಲೆಕ್ಕ ಹಾಕುವ ಯಂತ್ರಕ್ಕೆ ಹಿಂದಿನದ್ದು ಮಾತ್ರ ಗೊತ್ತು, ಮುಂದೆ ಬರುವ ಡೇಟಾ ಅದರ ಕೈಗೆ ಸಿಕ್ಕಿರುವುದಿಲ್ಲ.

ಈಗ ಮೊದಲ ವರ್ಷದ ಪೆಟ್ಟು. ಬೇಸ್ ಇಟ್ಟ ಜಾಗದ ಅಕ್ಷಾಂಶ ರೇಖಾಂಶ ನಾವೇ ತುಂಬಬೇಕು. ನಾನು ಬೇಸ್ ತನ್ನಷ್ಟಕ್ಕೆ ಹೇಳಿದ ಸ್ಥಾನದ ಹತ್ತು ನಿಮಿಷದ ಸರಾಸರಿ ತೆಗೆದು ತುಂಬಿದೆ. ಎಲ್ಲ ಹಸಿರು. ಟೇಪ್ ಹಿಡಿದು ನೋಡಿದರೂ ಬದುವಿನಿಂದ ಬದುವಿಗೆ ಸೆಂಟಿಮೀಟರ್ ಸರಿ. ಭಾರೀ ಖುಷಿ. ಎಂಟು ತಿಂಗಳ ಮೇಲೆ ಪಕ್ಕದ ತೋಟದವರು ಕರೆದರು. ಬೇಸ್ ಅವರ ಅಂಗಳದಲ್ಲಿ ಇಟ್ಟು ಅಳೆದು, ಎರಡೂ ನಕ್ಷೆ ಒಂದರ ಮೇಲೊಂದು ಹಾಕಿದರೆ ಒಂದೇ ಅಗಳು (ಗಡಿಯ ಕಂದಕ) ಎರಡು ಕಡೆ ಕಾಣುತ್ತಿದೆ, ನಡುವೆ ಎರಡು ಮೀಟರಿಗೂ ಜಾಸ್ತಿ. ಇಬ್ಬರ ತೋಟವೂ ಒಬ್ಬರೊಳಗೆ ಒಬ್ಬರು ನುಗ್ಗಿದ ಹಾಗೆ! ಸದ್ಯ, ಆ ನಕ್ಷೆ ನನ್ನ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗಿರಲಿಲ್ಲ.

ಆದದ್ದು ಇಷ್ಟು. ಸಾಫ್ಟ್‌ವೇರ್ ಹೇಳುವ ಸೆಂಟಿಮೀಟರ್ ಬೇಸ್‌ನಿಂದ ಲೆಕ್ಕ ಹಾಕಿದ್ದು. ಬೇಸ್ ಎರಡು ಮೀಟರ್ ತಪ್ಪು ಜಾಗದಲ್ಲಿದೆ ಅಂತ ನಾವೇ ಹೇಳಿದರೆ ಇಡೀ ತೋಟ ಒಟ್ಟಾಗಿ ಎರಡು ಮೀಟರ್ ಸರಿಯುತ್ತದೆ, ಆಕಾರ ಕೆಡುವುದಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ಈಗ ಹೊಸ ಬೇಸ್ ಜಾಗ ಮಾಡಿದರೆ ಪೂರ್ತಿ 24 ಗಂಟೆ ರೆಕಾರ್ಡ್ ಮಾಡಿ, ಕೆನಡಾ ಸರ್ಕಾರದ ಉಚಿತ ಸಿಎಸ್‌ಆರ್‌ಎಸ್-ಪಿಪಿಪಿ ಸೇವೆಗೆ ಫೈಲು ಹಾಕುತ್ತೇನೆ. ಪಿಪಿಪಿ ಅಂದರೆ ಹತ್ತಿರ ಬೇರೆ ಬೇಸ್ ಇಲ್ಲದೆ ಒಂದೇ ರಿಸೀವರ್‌ನ ಡೇಟಾದಿಂದ ಜಾಗ ಹೇಳುವ ಲೆಕ್ಕ. ಉತ್ತರ ಮೇಲ್‌ನಲ್ಲಿ ಬರುತ್ತದೆ. ಎರಡು ಮೂರು ವಾರ ಕಾದು ಮತ್ತೆ ಹಾಕಿದರೆ ಉಪಗ್ರಹಗಳ ಅಂತಿಮ ಕಕ್ಷೆ ಲೆಕ್ಕ ಬಳಸಿ ಕೊಡುತ್ತಾರೆ, ಅದೇ ನನ್ನ ಖಾಯಂ ಸಂಖ್ಯೆ. ಆರ್‌ಟಿಕೆಲಿಬ್‌ನಲ್ಲೂ ಪಿಪಿಪಿ ಇದೆ, ಆದರೆ ಬೇಕಾದ ಫೈಲು ಒಂದೊಂದೇ ಹುಡುಕಿ ತರುವ ತಾಳ್ಮೆ ನನಗಿಲ್ಲ.

ಇಲ್ಲೇ ಇನ್ನೊಂದು ತಮಾಷೆ ಇದೆ. ಹೀಗೆ ಸಿಗುವ ಸಂಖ್ಯೆ ಅಳತೆ ಮಾಡಿದ ದಿನದ್ದು. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯದ ಕಡೆ ಸರಿಯುತ್ತಾ ಇದೆ. ಹತ್ತು ವರ್ಷದ ಹಿಂದಿನ ಸಂಖ್ಯೆಗೂ ಇವತ್ತಿನದಕ್ಕೂ ಅರ್ಧ ಮೀಟರ್ ವ್ಯತ್ಯಾಸ. ಕಲ್ಲು ನೆಟ್ಟಲ್ಲೇ ಇದೆ, ದೇಶವೇ ಹೊರಟಿದೆ! ಅದಕ್ಕೆ ನಕ್ಷೆಯ ಮೂಲೆಯಲ್ಲಿ ಈಗ ತಾರೀಕನ್ನೂ ಬರೆಯುತ್ತೇನೆ.

ಎತ್ತರದ ವಿಷಯದಲ್ಲೂ ಹೊಸಬರು ಬೆಚ್ಚಿಬೀಳುತ್ತಾರೆ. ನಾನು ಬಿದ್ದಿದ್ದೆ. ಹೊನ್ನಾವರದ ಕಡೆ ಒಂದು ಕೆಲಸಕ್ಕೆ ಹೋದಾಗ ತೆಂಗಿನ ತೋಟದ ಎತ್ತರ ಮೈನಸ್‌ನಲ್ಲಿ ಬಂತು, ಅದೂ ಸಮುದ್ರಕ್ಕಿಂತ ಹತ್ತಾರು ಮೀಟರ್ ಕೆಳಗೆ. ರಿಸೀವರ್ ಕೆಟ್ಟಿತು ಅಂದುಕೊಂಡೆ. ಸಾಫ್ಟ್‌ವೇರ್ ಕೊಡುವುದು ಗಣಿತದ ನುಣುಪಾದ ಭೂಮಿಯಿಂದ ಅಳೆದ ಎತ್ತರ. ನಿಜವಾದ ಸಮುದ್ರಮಟ್ಟ ನಮ್ಮ ಭಾಗದಲ್ಲಿ ಅದಕ್ಕಿಂತ 80 ಮೀಟರಿನ ಆಸುಪಾಸು ಕೆಳಗಿದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಇದು ನೂರು ಮೀಟರ್ ದಾಟುತ್ತದೆ. ಅಲ್ಲಿ ಗುರುತ್ವ ಯಾಕೆ ಇಷ್ಟು ಕಡಿಮೆ ಅಂತ ನಮ್ಮ ಬೆಂಗಳೂರಿನ ಐಐಎಸ್‌ಸಿಯವರೇ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೈಪ್‌ಲೈನ್‌ಗೆ ಬೇಕಾದ್ದು ಎರಡು ಜಾಗದ ನಡುವಿನ ವ್ಯತ್ಯಾಸ ಮಾತ್ರ, ತೋಟದೊಳಗಿನ ಕೆಲಸಕ್ಕೆ ಈ 80 ಮೀಟರ್ ತೊಂದರೆ ಕೊಡುವುದಿಲ್ಲ.

ಐಐಎಸ್‌ಸಿ ಅಂದಾಗ ನೆನಪಾಯಿತು. ಅಲ್ಲಿ ಅಂತರರಾಷ್ಟ್ರೀಯ ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ ಉಪಗ್ರಹ ವ್ಯವಸ್ಥೆಗಳ) ಜಾಲದ ಒಂದು ಕಾಯಂ ಕೇಂದ್ರ ಇದೆ, ಡೇಟಾ ಉಚಿತ. ಅದನ್ನೇ ಬೇಸ್ ಮಾಡಿಕೊಂಡರೆ ಒಂದು ಸೆಟ್ಟಿನ ದುಡ್ಡು ಉಳಿಯಿತಲ್ಲ ಅಂತ ಲೆಕ್ಕ ಹಾಕಿದ್ದೆ. ಸಾಗರದಿಂದ ನೇರ ದೂರ ಸುಮಾರು 300 ಕಿ.ಮೀ. ಆಗಲಿಲ್ಲ, ಇಡೀ ಫೈಲು ಹಳದಿ. ಬೇಸ್ ಮತ್ತು ರೋವರ್ ಎರಡರ ತಲೆ ಮೇಲೂ ಹೆಚ್ಚುಕಡಿಮೆ ಒಂದೇ ವಾತಾವರಣ ಇದ್ದರೆ ತಾನೇ ತಪ್ಪು ಒಂದಕ್ಕೊಂದು ಕಳೆದುಹೋಗುವುದು? ಈಗ ಆ ಡೇಟಾವನ್ನು ಸೆಟ್ಟಿಂಗ್ ಪರೀಕ್ಷಿಸಲು ಬಳಸುತ್ತೇನೆ. ಅದರ ಸರಿಯಾದ ಜಾಗ ಮೊದಲೇ ಗೊತ್ತಿರುವುದರಿಂದ ನಾನು ಎಷ್ಟು ತಪ್ಪಿದೆ ಅಂತ ಕಾಣುತ್ತದೆ.

ವಾತಾವರಣದ ಆಟ ನೋಡಿದ್ದು 2024ರ ಮಾರ್ಚ್‌ನಲ್ಲಿ. ಮಾರನೇ ದಿನ ಜೆಸಿಬಿ ಬರುವುದಿತ್ತು, ಕೆರೆ ಅಂಗಳದ ಅಳತೆ ಮುಗಿಸಲೇಬೇಕು ಅಂತ ಟಾರ್ಚ್ ಹಿಡಿದು ರಾತ್ರಿ ಎಂಟರವರೆಗೆ ತಿರುಗಿದೆ. ತಲೆ ಮೇಲೆ ಒಂದು ಎಲೆ ಇಲ್ಲ, ಬೇಸ್ ನಾಲ್ಕೇ ಕಿಲೋಮೀಟರ್. ಮನೆಗೆ ಬಂದು ನೋಡಿದರೆ ಏಳೂವರೆಯ ನಂತರ ಒಂದರ ಹಿಂದೆ ಒಂದು ಉಪಗ್ರಹದ ಅಲೆ ಎಣಿಕೆ ತುಂಡಾಗಿದೆ, ಹಸಿರೇ ಇಲ್ಲ. ಭೂಮಿಯ ಕಾಂತೀಯ ಸಮಭಾಜಕ ರೇಖೆ ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರ ಹಾಯುತ್ತದೆ. ಈ ಭಾಗದಲ್ಲಿ ಸೂರ್ಯ ಮುಳುಗಿದ ಮೇಲೆ ವಾತಾವರಣದ ಮೇಲ್ಪದರವಾದ ಅಯಾನುಗೋಳದಲ್ಲಿ ಗುಳ್ಳೆಗಳ ಹಾಗೆ ಏಳುತ್ತದೆ, ಅದರೊಳಗೆ ಹಾದು ಬರುವ ಸಂಕೇತ ನಡುಗುತ್ತದೆ. ಹಗಲು ರಾತ್ರಿ ಸಮ ಇರುವ ಮಾರ್ಚ್, ಸೆಪ್ಟೆಂಬರ್ ಸುತ್ತಮುತ್ತ ಜಾಸ್ತಿ. ಸೂರ್ಯನ ಚಟುವಟಿಕೆ ಏರಿದ ವರ್ಷಗಳಲ್ಲಿ ಇನ್ನೂ ಜಾಸ್ತಿ, 2024 ಅಂಥದ್ದೇ ವರ್ಷ. ಇದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. ಬೆಳಗ್ಗೆ ಐದೂವರೆಗೆ ಎದ್ದು ಹೋಗಿ ಮತ್ತೆ ಅಳೆದೆ, ಜೆಸಿಬಿಯವನು ಬೀಡಿ ಹಚ್ಚಿಕೊಂಡು ಕಾಯುತ್ತಿದ್ದ.

“ನಮ್ಮ ನಾವಿಕ್ ಬರುತ್ತಾ ಇದರಲ್ಲಿ?” ಅಂತ ಕೇಳುವವರಿಗೆ: ಸಾಫ್ಟ್‌ವೇರ್‌ಗೆ ಗೊತ್ತು, ನನ್ನ ಬೋರ್ಡಿಗೆ ಗೊತ್ತಿಲ್ಲ. ನಾವಿಕ್, ಅಂದರೆ ಭಾರತದ್ದೇ ಜಿಪಿಎಸ್‌ನಂಥ ವ್ಯವಸ್ಥೆ, ಮೊದಲಿಂದ ಎಲ್5 ಮತ್ತು ಎಸ್ ಬ್ಯಾಂಡ್‌ನಲ್ಲಿತ್ತು, ನನ್ನದು ಎಲ್1, ಎಲ್2. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಸೇರಿಸಿದ್ದಾರೆ.

ಈಗ ಆ ‘ಅನ್ನಿಸಿದರೆ’ ವಿಷಯ. ಪೂರ್ಣ ಸಂಖ್ಯೆಗಳ ಅತ್ಯುತ್ತಮ ಗುಂಪು ಎರಡನೆಯ ಗುಂಪಿಗಿಂತ ಎಷ್ಟು ವಾಸಿ ಅಂತ ಸಾಫ್ಟ್‌ವೇರ್ ಒಂದು ಅನುಪಾತ ನೋಡುತ್ತದೆ. ಸಾಮಾನ್ಯವಾಗಿ 3 ದಾಟಿದರೆ ಹಸಿರು. ಬಯಲಲ್ಲಿ ಇದು ಸರಿ. ಜುಲೈ ತಿಂಗಳಲ್ಲಿ, ಒದ್ದೆ ಸೋಗೆಯ ಕೆಳಗೆ, ಸಂಕೇತ ಅರ್ಧ ಎಲೆಯಲ್ಲೇ ಇಂಗಿ, ಉಳಿದದ್ದು ಮರದ ಕಾಂಡಕ್ಕೆ ಬಡಿದು ಸುತ್ತಿ ಬರುವಾಗ, ತಪ್ಪು ಗುಂಪೇ 3 ದಾಟುತ್ತದೆ. ಆಗ ಚುಕ್ಕಿ ಹಸಿರು, ಪಕ್ಕದಲ್ಲಿ ಬರೆದ ದೋಷ ಎರಡು ಸೆಂಟಿಮೀಟರ್, ನಿಜವಾದ ದೋಷ ಒಂದು ಮೀಟರ್. ಹಳದಿ ಬಂದರೆ ಭಯ ಇಲ್ಲ, ಅದು ತನಗೆ ಗೊತ್ತಿಲ್ಲ ಅಂತ ಒಪ್ಪಿಕೊಳ್ಳುತ್ತದೆ. ಸುಳ್ಳು ಹಸಿರು ಒಪ್ಪಿಕೊಳ್ಳುವುದಿಲ್ಲ. ‘ಫಿಕ್ಸ್ ಅಂಡ್ ಹೋಲ್ಡ್’ ಹಾಕಿದರಂತೂ ಒಮ್ಮೆ ಹಿಡಿದ ತಪ್ಪನ್ನು ಬಿಡದೆ ಎಳೆದುಕೊಂಡು ಹೋಗುತ್ತದೆ. ಶುರುವಿನಲ್ಲಿ ಹಸಿರು ಜಾಸ್ತಿ ಕಾಣಲಿ ಅಂತ ನಾನೂ ಅದನ್ನೇ ಹಾಕುತ್ತಿದ್ದೆ.

ಈಗ ಹಿಡಿದ ಸಂಖ್ಯೆಗೆ ಹಾಗೆ ಕಟ್ಟಿಹಾಕದ ‘ಕಂಟಿನ್ಯುಅಸ್’ ಇಟ್ಟು, ಮುಂದಕ್ಕೂ ಹಿಂದಕ್ಕೂ ಸೇರಿಸಿ ಓಡಿಸುತ್ತೇನೆ. ಎರಡೂ ಓಟದ ಹಸಿರು ಒಂದಕ್ಕೊಂದು ಹೊಂದದಿದ್ದರೆ ಅದೇ ಹಳದಿಗೆ ಇಳಿಸುತ್ತದೆ. ಹಸಿರು ಕಡಿಮೆಯಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ದಿಗಂತದಿಂದ 15 ಡಿಗ್ರಿಯಷ್ಟೂ ಮೇಲೇರದ ಉಪಗ್ರಹ ಬೇಡ. ರಷ್ಯಾದ ಗ್ಲೋನಾಸ್‌ನ ಒಂದೊಂದು ಉಪಗ್ರಹದ ತರಂಗಾಂತರ ಒಂದೊಂದು ಥರ, ಬೇಸ್ ಬೇರೆ ಕಂಪನಿಯದ್ದಾದರೆ ಅದರ ಪೂರ್ಣ ಸಂಖ್ಯೆ ಹುಡುಕುವುದನ್ನು ಆಫ್ ಮಾಡಿ. ಮುಖ್ಯವಾದ ಮೂಲೆಗಲ್ಲಿಗೆ ಮಾತ್ರ ಎರಡು ಸಲ ಹೋಗುತ್ತೇನೆ, ನಡುವೆ ಒಂದು ಗಂಟೆಯಾದರೂ ಬಿಟ್ಟು. ಅಷ್ಟರಲ್ಲಿ ಉಪಗ್ರಹಗಳು ಜಾಗ ಬದಲಿಸಿರುತ್ತವೆ, ಅದೇ ತಪ್ಪು ಮತ್ತೆ ಆಗುವುದು ಅಪರೂಪ.

ಇನ್ನು ಸಿಟ್ಟು ಬರಿಸುವ ಸಂಗತಿಗಳು. ವಿಂಡೋ ನೋಡಿದರೆ ಇಪ್ಪತ್ತು ವರ್ಷ ಹಿಂದಿನ ಸೈಬರ್ ಕೆಫೆ ನೆನಪಾಗುತ್ತದೆ. ಮೂಲ ಆರ್‌ಟಿಕೆಲಿಬ್‌ನ ಮ್ಯಾನುಯಲ್ 2013ರದ್ದು. ಆಪ್ಷನ್ ಪುಟದಲ್ಲಿ ಒಂದು ಟಿಕ್ ಅಕಸ್ಮಾತ್ ಬದಲಾದರೂ ಏನೂ ಹೇಳದೆ ತಪ್ಪು ಉತ್ತರ ಕೊಡುತ್ತದೆ, ಸರಿ ಇದ್ದಾಗಿನ ಸೆಟ್ಟಿಂಗ್ ಫೈಲು ಉಳಿಸಿಕೊಳ್ಳಿ. ಸಮಯ ಜಿಪಿಎಸ್ ಲೆಕ್ಕದಲ್ಲಿ ಬರುತ್ತದೆ. ನಮ್ಮ ಗಡಿಯಾರಕ್ಕೆ ತರಲು ಐದೂವರೆ ಗಂಟೆ ಕೂಡಿಸಿದರೆ ಸಾಲದು, 18 ಸೆಕೆಂಡ್ ಕಳೆಯಬೇಕು. ನಾನು ಪುಸ್ತಕದಲ್ಲಿ ಬರೆದ ಹೊತ್ತಿಗೆ ಹೊಂದಿಸುವಾಗ ಆ 18 ಮರೆತು, ಬಾವಿಯನ್ನು ದಾರಿ ಮಧ್ಯೆ ಕೂರಿಸಿದ್ದೆ.

ಇಷ್ಟಾದರೂ 4 ಕೊಟ್ಟಿದ್ದು ಯಾಕೆ ಅಂದರೆ, ಹಳೆಯ ಕಚ್ಚಾ ಫೈಲು ಇಟ್ಟುಕೊಂಡಿದ್ದರೆ ಹಳೆಯ ತಪ್ಪನ್ನು ಇವತ್ತೂ ಹಿಡಿಯಬಹುದು. ಕಳೆದ ತಿಂಗಳು ಸುಮ್ನೆ 2022ರ ಮಳೆಗಾಲದ ಒಂದು ತೋಟದ ಫೈಲು ತೆಗೆದು ಈಗಿನ ಸೆಟ್ಟಿಂಗ್‌ನಲ್ಲಿ ಓಡಿಸಿದೆ. ಮೂರು ಮೂಲೆ ಸರಿ. ನಾಲ್ಕನೆಯದು, ಹಳ್ಳದ ಪಕ್ಕದ್ದು, ಅವತ್ತು ಹಸಿರಾಗಿತ್ತು, ಈಗ 1.4 ಮೀಟರ್ ಆಚೆ ಹೋಗಿ ಕೂತಿದೆ. ಆ ಲೆಕ್ಕದ ಮೇಲೆ ಅವರು ಪೈಪ್ ಹೂತಾಗಿದೆ, ಬೇಲಿಯೂ ಹಾಕಿಯಾಗಿದೆ. ನಂಬರು ಫೋನಿನಲ್ಲಿದೆ. ಎರಡು ಸಲ ತೆಗೆದು ನೋಡಿ ಇಟ್ಟಿದ್ದೇನೆ, ಈ ಭಾನುವಾರ ಮಾಡಬೇಕು.